ದೀಕ್ಷಾಸ್ನಾನ: ತರಗತಿ, ತೊಟ್ಟಿ, ಬಿಳಿ ನಿಲುವಂಗಿ

ನಾನು ದಾವಣಗೆರೆಯಲ್ಲಿ ಟೈಲರಿಂಗ್ ಮಾಡುವವಳು. ಕಳೆದ ಡಿಸೆಂಬರ್‌ನಲ್ಲಿ, 46ನೇ ವಯಸ್ಸಿನಲ್ಲಿ, ಮನೆ ಹತ್ತಿರದ ಒಂದು ಸಣ್ಣ ಕ್ರೈಸ್ತ ಸಭೆಯಲ್ಲಿ (ಚರ್ಚ್‌ನಲ್ಲಿ) ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಮ್, ತಗೊಂಡೆ. ಅಲ್ಲಿ ಹೇಗೆ ನಡೆಸ್ತಾರೆ, ಏನು ಕಲಿಸ್ತಾರೆ ಅಂತ ಎಷ್ಟೋ ಜನ ಕೇಳುತ್ತಾರೆ. ಅವರಿಗೋಸ್ಕರ ಇದು.

ಮೊದಲು ಬೇರೆ ಒಂದು ಕಡೆ ವಿಚಾರಿಸಿದ್ದೆ. "ಬರೋ ಭಾನುವಾರವೇ ಬನ್ನಿ, ಮಾಡಿಬಿಡೋಣ" ಅಂದರು. ಇಷ್ಟು ದೊಡ್ಡ ವಿಷಯಕ್ಕೆ ಅಷ್ಟು ಅವಸರ ನನಗೆ ಸರಿ ಕಾಣಲಿಲ್ಲ. ಇಲ್ಲಿಯ ಪಾಸ್ಟರ್ ಎಂಟು ಶನಿವಾರ ತರಗತಿಗೆ ಬರಬೇಕು ಅಂದರು. ಸಂಜೆ 6ರಿಂದ 7:30. ದುಡ್ಡೇನೂ ಇಲ್ಲ. ನಾವು ಐದು ಜನ ಇದ್ದೆವು.

ಮೊದಲ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ. "ದೀಕ್ಷಾಸ್ನಾನ ಯಾಕೆ ಬೇಕು?" ಪಾಪ ತೊಳೆದುಹೋಗಲಿ ಅಂತ ಅಂದೆ. ಬೈಬಲಿನಲ್ಲಿ ಪೇತ್ರನ ಮೊದಲನೆಯ ಪತ್ರಿಕೆ 3:21 ತೆಗೆಸಿ ನನ್ನ ಕೈಲೇ ಓದಿಸಿದರು. ಇದು ಮೈಕೊಳೆ ತೆಗೆಯುವ ಕೆಲಸ ಅಲ್ಲ, ಒಳ್ಳೆಯ ಮನಸ್ಸಾಕ್ಷಿಯಿಂದ ದೇವರ ಕಡೆ ತಿರುಗುವುದು ಅನ್ನುವ ಮಾತು ಅಲ್ಲಿದೆ. "ನೀರು ಯಾರನ್ನೂ ರಕ್ಷಿಸಲ್ಲಮ್ಮ, ಯೇಸು ರಕ್ಷಿಸ್ತಾನೆ. ಅದನ್ನ ನಂಬಿದವರು ಎಲ್ಲರ ಎದುರಿಗೆ ನೀರಿಗಿಳಿದು ಒಪ್ಪಿಕೊಳ್ತಾರೆ" ಅಂದರು. ಬೇರೆ ಏನು ಮರೆತರೂ ಆ ಸಂಜೆ ಮರೆಯಲ್ಲ.

ಜಾಸ್ತಿ ದಿನ ಕೂತಿದ್ದು ರೋಮಾಪುರದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯದ ಮೇಲೆ. ನೀರೊಳಗೆ ಹೋಗುವುದು ಕ್ರಿಸ್ತನ ಜೊತೆ ಹೂಣಿಟ್ಟ ಹಾಗೆ, ಮೇಲೆ ಬರುವುದು ಆತನ ಜೊತೆ ಎದ್ದ ಹಾಗೆ. ಗ್ರೀಕ್‌ನ 'ಬಾಪ್ಟಿಝೋ' ಅಂದರೆ ಮುಳುಗಿಸು. ಅದು ಬಂದ ಮೂಲ ಪದವನ್ನು ಬಟ್ಟೆಗೆ ಬಣ್ಣ ಹಾಕುವುದಕ್ಕೂ ಬಳಸುತ್ತಿದ್ದರಂತೆ. ಇದು ನನಗೆ ಕೂಡಲೇ ಹತ್ತಿತು. ಬ್ಲೌಸ್ ಲೈನಿಂಗ್‌ಗೆ ಬಣ್ಣ ಹಾಕಿಸೋದು ನನ್ನ ದಿನದ ಕೆಲಸ. ಬಟ್ಟೆ ಪೂರ್ತಿ ಮುಳುಗಬೇಕು, ಎಳೆ ಎಳೆಗೂ ಬಣ್ಣ ಹೋಗಬೇಕು. ಆಮೇಲೆ ಅದು ಹಳೇ ಬಟ್ಟೆ ಅಲ್ಲ.

ಒಂದು ಕೊರತೆ ಹೇಳಲೇಬೇಕು. ನಾನು ಹುಟ್ಟಿದ್ದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಮನೆತನದಲ್ಲಿ. ಮೂರು ತಿಂಗಳ ಕೂಸಿದ್ದಾಗಲೇ ಪಾದ್ರಿಗಳು ತಲೆಗೆ ನೀರು ಹಾಕಿದ್ದರು. ಆ ಸರ್ಟಿಫಿಕೇಟ್ ಇವತ್ತಿಗೂ ಅಮ್ಮನ ಟ್ರಂಕಿನಲ್ಲಿದೆ. ನಾನು ತರಗತಿಗೆ ಹೋಗ್ತೀನಿ ಅಂದಾಗ ಅಮ್ಮ, "ಹಂಗಾದ್ರೆ ನಾವು ಮಾಡಿಸಿದ್ದು ಲೆಕ್ಕಕ್ಕಿಲ್ವಾ?" ಅಂದಳು. ಈ ಪ್ರಶ್ನೆಗೆ ತರಗತಿಯಲ್ಲಿ ಸಿಕ್ಕಿದ್ದು ಹತ್ತೇ ನಿಮಿಷ. ಒಂದು ಇಡೀ ಶನಿವಾರ ಇಡಬೇಕಿತ್ತು. ಕಂದಮ್ಮಗಳಿಗೆ ಕೊಡುವ ಸಭೆಗಳು ತಂದೆತಾಯಿಯ ನಂಬಿಕೆಯ ಮೇಲೆ ಕೊಡುತ್ತವೆ. ಮಗು ಬೆಳೆದ ಮೇಲೆ ಕನ್ಫರ್ಮೇಶನ್‌ನಲ್ಲಿ ತಾನೇ ಒಪ್ಪಿಕೊಳ್ಳುತ್ತದೆ. ಅದರ ಹಿಂದೆಯೂ ಪ್ರೀತಿ ಇದೆ, ಪ್ರಾರ್ಥನೆ ಇದೆ. ಕೊನೆಗೆ ನಾನೇ ಓದಿ ತಿಳಿದುಕೊಂಡೆ. 'ದಿದಾಖೆ' ಅಂತ ಆದಿಸಭೆಯ ಒಂದು ಪುಟ್ಟ ಕೈಪಿಡಿ ಇದೆ. ಹರಿಯುವ ನೀರಲ್ಲಿ ಕೊಡಿ, ಅದಿಲ್ಲದಿದ್ದರೆ ಬೇರೆ ನೀರಲ್ಲಿ, ಅದೂ ಇಲ್ಲದಿದ್ದರೆ ತಲೆ ಮೇಲೆ ಮೂರು ಸಲ ಸುರಿಯಿರಿ ಅಂತ ಅದರಲ್ಲಿದೆ. ಅಮ್ಮನಿಗೆ ಓದಿ ಹೇಳಿದೆ. "ನಿನ್ನ ಮೊದಲು ದೇವರ ಕೈಗೆ ಕೊಟ್ಟಿದ್ದು ನಾನೇ, ಅದು ನೆನಪಿರಲಿ" ಅಂದಳು. ನೆನಪಿದೆ.

ಇನ್ನು ತೊಟ್ಟಿ. ವೇದಿಕೆಯ ಹಲಗೆ ತೆಗೆದರೆ ಕೆಳಗೆ ಸಿಮೆಂಟಿನ ತೊಟ್ಟಿ, ಸೊಂಟದ ಮಟ್ಟ ನೀರು. ಹಿಂದಿನ ರಾತ್ರಿ ಬೋರ್‌ವೆಲ್ ನೀರು ತುಂಬಿಸಿದ್ದರು. ಕೊನೆಯ ತರಗತಿಯಲ್ಲಿ ಬರೀ ನೆಲದ ಮೇಲೆ ಅಭ್ಯಾಸ ಮಾಡಿಸಿದ್ದು ಒಳ್ಳೇದಾಯಿತು. ಒಂದು ಕೈಯಲ್ಲಿ ಮೂಗು ಹಿಡಿ, ಇನ್ನೊಂದರಲ್ಲಿ ಆ ಮಣಿಕಟ್ಟು ಹಿಡಿ, ಮೊಣಕಾಲು ಸ್ವಲ್ಪ ಬಗ್ಗಿಸು, ಬೆನ್ನ ಭಾರ ಪಾಸ್ಟರ್ ಕೈಗೆ ಬಿಡು. ನೀರಿಗೆ ಹೆದರುವವರು ಇದನ್ನ ಮನೆಯಲ್ಲೂ ಮಾಡಿ ನೋಡಿ.

ನಿಲುವಂಗಿಗೆ ಮಾತ್ರ ನಾನು ಅಂಕ ಕೊಡಲ್ಲ. ತೆಳು ಪಾಲಿಯೆಸ್ಟರ್. ಒದ್ದೆಯಾದರೆ ಮೈಗೆ ಅಂಟುತ್ತೆ, ನೀರಿಗೆ ಇಳಿದ ಕೂಡಲೇ ಕೆಳಗಿನ ಅಂಚು ಕೊಡೆ ಥರ ಬಿಚ್ಚಿಕೊಂಡು ಮೇಲೆ ತೇಲುತ್ತೆ. ಹೆಣ್ಣುಮಕ್ಕಳಿಗೆ ಆ ಹೊತ್ತಿನಲ್ಲಿ ದೇವರ ನೆನಪು ಇರಬೇಕೋ, ಬಟ್ಟೆಯದ್ದೋ? ಐದೂ ನಿಲುವಂಗಿ ಮನೆಗೆ ತಂದೆ. ಒಳಗೆ ಕಾಟನ್ ಲೈನಿಂಗ್ ಕೊಟ್ಟೆ. ಅಂಚು ಮಡಚಿ, ಒಂದೊಂದಕ್ಕೂ ಎಂಟೆಂಟು ಸ್ಟೇನ್‌ಲೆಸ್ ಸ್ಟೀಲ್ ವಾಷರ್ ಇಟ್ಟು ಹೊಲಿದೆ. ಕಬ್ಬಿಣದ್ದು ಹಾಕಬೇಡಿ, ಬಿಳಿ ಬಟ್ಟೆಗೆ ತುಕ್ಕಿನ ಕಲೆ ಹಿಡಿಯುತ್ತೆ. ಒಂದೂ ತೇಲಲಿಲ್ಲ.

ಬೆಳಿಗ್ಗೆ ಏಳೂವರೆಗೆ ಶುರು. ಒಬ್ಬೊಬ್ಬರೂ ಸಾಕ್ಷಿ (ಯೇಸುವನ್ನು ಹೇಗೆ ನಂಬಿದೆವು ಅನ್ನೋದು) ಹೇಳಿ ಇಳಿದೆವು. "ಯೇಸುವನ್ನು ನಿನ್ನ ಕರ್ತನೆಂದು ನಂಬುತ್ತೀಯಾ?" ಅಂತ ಕೇಳಿದರು. ಹೌದು ಅಂದೆ. ತಂದೆಯ, ಮಗನ, ಪವಿತ್ರಾತ್ಮನ ಹೆಸರು ಕಿವಿಗೆ ಬಿತ್ತು, ಆಮೇಲೆ ನೀರು. ಸಭೆಯವರ ಹಾಡು ಫಕ್ಕನೆ ನಿಂತ ಹಾಗಾಯಿತು. ಎದೆ ಬಡಿಯೋದು ಬಿಟ್ಟು ಬೇರೆ ಸದ್ದಿಲ್ಲ. ಎದ್ದಾಗ ಅದೇ ಹಾಡು, ಅದೇ ಸಾಲು ಇನ್ನೂ ಮುಗಿದಿರಲಿಲ್ಲ. ನಾನು ಅತ್ತೆ. ಮುಖವೆಲ್ಲ ನೀರಿದ್ದಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ, ಮೆಟ್ಟಿಲ ಹತ್ತಿರ ಟವೆಲ್ ಹಿಡಿದು ನಿಂತಿದ್ದ ಅಮ್ಮನಿಗೆ ಬಿಟ್ಟು.

ಬಟ್ಟೆ ಬದಲಿಸೋಕೆ ಐದು ಜನಕ್ಕೆ ಒಂದೇ ಬಾತ್‌ರೂಮ್. ಹೋಗುವವರು ಎರಡು ಟವೆಲ್, ಒಂದು ಸ್ವೆಟರ್ ತಗೊಂಡು ಹೋಗಿ.