ಒಂದೇ ಹಾಲ್, ಮೂರು ಗೇಮಿಂಗ್ ಪಿಸಿ: ದುಡ್ಡು ಎಲ್ಲಿ ಹಾಕಬೇಕು?

2024ರ ಮೇ ತಿಂಗಳು. ಮೀರಾ ರೋಡಿನ ನನ್ನ ಭಾವಮೈದುನನ ಮನೆಗೆ ಪೇಂಟ್ ಹೊಡೆಸುತ್ತಿದ್ದರು. ಧೂಳು ಬೀಳುತ್ತೆ ಅಂತ ಅವನು ತನ್ನ ಪಿಸಿಯನ್ನು ಕಂಬಳಿಯಲ್ಲಿ ಸುತ್ತಿ, ಟೆಂಪೋದಲ್ಲಿ ಡೊಂಬಿವಲಿಯ ನಮ್ಮ ಮನೆಗೆ ತಂದಿಟ್ಟ. "ಭಾವ, ಮೂರು ವಾರ ಇಲ್ಲೇ ಇರ್ಲಿ. ಬೇಕಾದ್ರೆ ಆಡಿ" ಅಂದ. ಬೇಕಾದ್ರೆ ಅಂತೆ!

ನಂದೊಂದು, ತಮ್ಮಂದೊಂದು ಮೊದಲೇ ಹಾಲ್‌ನಲ್ಲಿದ್ದವು. ಮೂರನೆಯದೂ ಬಂತು. ಅಮ್ಮನಿಗೆ ಸಂಜೆ ಸೀರಿಯಲ್ ನೋಡಲು ಕೂರುವ ಜಾಗ ಹೋಯಿತು. ನಮಗೆ ಮಾತ್ರ ವರ್ಷಗಳಿಂದ ನಡೆಯುತ್ತಿದ್ದ ಜಗಳ ಬಗೆಹರಿಸಲು ಒಳ್ಳೆ ಅವಕಾಶ ಸಿಕ್ಕಿತು. ಮುಂದಿನ ಐದಾರು ವರ್ಷ ತಲೆಬಿಸಿ ಇಲ್ಲದೆ ಆಡಬೇಕು ಅಂದ್ರೆ ಇವತ್ತು ಎಷ್ಟು ಸುರಿಯಬೇಕು?

ನನ್ನದು ಎರಡು ಕಂತಿನ ಪಿಸಿ. 2018ರ ದೀಪಾವಳಿಗೆ ಮುಂಬಯಿಯ ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋಗಿ 64 ಸಾವಿರಕ್ಕೆ ಕಟ್ಟಿದ್ದು: ರೈಜೆನ್ 5 2600 ಪ್ರೊಸೆಸರ್, ಬಿ450 ಬೋರ್ಡ್ (ಎಲ್ಲ ಭಾಗ ಕೂರುವ ಮದರ್‌ಬೋರ್ಡ್), ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್. ಕ್ಯಾಬಿನೆಟ್ಟಿನ ಡಬ್ಬ ಹೊತ್ತು ದಾದರ್ ಬ್ರಿಜ್ ದಾಟಿದ್ದು ಇನ್ನೂ ಭುಜಕ್ಕೆ ನೆನಪಿದೆ. 2024ರಲ್ಲಿ ಅದೇ ಬೋರ್ಡಿಗೆ ರೈಜೆನ್ 7 5700ಎಕ್ಸ್3ಡಿ, ಆರ್‌ಟಿಎಕ್ಸ್ 4060, ಒಂದಿಷ್ಟು ರ‍್ಯಾಮ್, ಒಂದು ಎಸ್ಎಸ್‌ಡಿ ಹಾಕಿದೆ. ಇನ್ನೊಂದು 60 ಸಾವಿರ. ಕ್ಯಾಬಿನೆಟ್, ಪವರ್ ಸಪ್ಲೈ ಹಳೆಯವೇ.

ತಮ್ಮ ಅದೇ ವರ್ಷ ಒಂದೇ ಏಟಿಗೆ 1.28 ಲಕ್ಷ ಹಾಕಿದ. ರೈಜೆನ್ 5 7600, ಬಿ650 ಬೋರ್ಡ್, 32 ಜಿಬಿ ಡಿಡಿಆರ್5 ರ‍್ಯಾಮ್, ಆರ್‌ಟಿಎಕ್ಸ್ 4070 ಸೂಪರ್. ಭಾವಮೈದುನನದು 2.3 ಲಕ್ಷ: ರೈಜೆನ್ 7 7800ಎಕ್ಸ್3ಡಿ, ಆರ್‌ಟಿಎಕ್ಸ್ 4080 ಸೂಪರ್, ನೀರಿನ ಕೂಲರ್, ಗಾಜಿನ ಕ್ಯಾಬಿನೆಟ್, ಒಳಗೆಲ್ಲ ಗಣಪತಿ ಪೆಂಡಾಲಿನ ಲೈಟು. ಮಾನಿಟರ್ ಯಾರ ಲೆಕ್ಕದಲ್ಲೂ ಸೇರಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯದೇ ಇದ್ದದ್ದೇ ನಾವು ಮೂವರೂ ಮಾಡಿದ ತಪ್ಪು.

ಯಾಕೆ ಅಂದ್ರೆ, ನನ್ನದು 1080ಪಿ ಮಾನಿಟರ್ (ಈ ಅಂಕಿ ದೊಡ್ಡದಾದಷ್ಟೂ ಪರದೆಯಲ್ಲಿ ಚುಕ್ಕಿ ಜಾಸ್ತಿ). ಅದರಲ್ಲಿ ಸೈಬರ್‌ಪಂಕ್ 2077 ಆಟ ರೇ ಟ್ರೇಸಿಂಗ್ (ಬೆಳಕು-ನೆರಳನ್ನು ನಿಜದಂತೆ ಲೆಕ್ಕ ಹಾಕುವುದು) ಇಲ್ಲದೆ ಸೆಕೆಂಡಿಗೆ 75 ಫ್ರೇಮಿನ, ಅಂದರೆ ಚಿತ್ರಗಳ, ಆಸುಪಾಸು ಓಡುತ್ತಿತ್ತು. ತಮ್ಮನ 1440ಪಿಯಲ್ಲಿ 90 ಬರುತ್ತಿತ್ತು. ಭಾವಮೈದುನನದು 4ಕೆ ಮಾನಿಟರ್, ಅಲ್ಲಿ ಎಲ್ಲ ಸೆಟ್ಟಿಂಗ್ ಮೇಲಿಟ್ಟರೆ 60 ಮುಟ್ಟಲು ಒದ್ದಾಡುತ್ತಿತ್ತು. ಅತಿ ದುಬಾರಿ ಪಿಸಿಗೇ ಕಡಿಮೆ ಫ್ರೇಮ್! ಅದರ ತಪ್ಪೇನಲ್ಲ ಬಿಡಿ. 1080ಪಿಗಿಂತ 4ಕೆಯಲ್ಲಿ ಚುಕ್ಕಿಗಳು ನಾಲ್ಕು ಪಟ್ಟು. ವ್ಯಾಲೊರಂಟ್‌ನಂಥ ಹಗುರ ಆಟದಲ್ಲಂತೂ ಮೂರಕ್ಕೂ ವ್ಯತ್ಯಾಸ ಹುಡುಕುವುದೇ ವೇಸ್ಟ್.

ಆಮೇಲೆ ತಮ್ಮ ಒಂದು ಪರೀಕ್ಷೆ ಇಟ್ಟ. ಫ್ರೇಮ್ ಎಣಿಸುವ ಮೀಟರ್ ಆಫ್. ಮಾನಿಟರ್ ಒಂದೇ, ಅವನ 1440ಪಿಯದು. ನಾನು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಕೇಬಲ್ ಬದಲಿಸುತ್ತಿದ್ದ. ನನ್ನ ಪಿಸಿ ಬಂದಾಗ ಕೂಡಲೇ ಗೊತ್ತಾಯಿತು. 1440ಪಿಯಲ್ಲಿ 4060ಗೆ ಏದುಸಿರು, ಕ್ಯಾಮೆರಾ ತಿರುಗಿಸಿದರೆ ಎಳೆದಂತಾಗುತ್ತದೆ. ಉಳಿದೆರಡರಲ್ಲಿ ಯಾವುದು 1.28 ಲಕ್ಷದ್ದು, ಯಾವುದು 2.3 ಲಕ್ಷದ್ದು ಅಂತ ಆರು ಸಲ ಕೇಳಿದ. ಮೂರು ಸಲ ತಪ್ಪಿದೆ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಒಂದು ಲಕ್ಷದ ವ್ಯತ್ಯಾಸ ನನ್ನ ಕಣ್ಣಿಗೆ ಬೀಳಲಿಲ್ಲ, ಬೆನ್ನಿಗೆ ಮಾತ್ರ ಬಿಸಿಯಾಗಿ ತಾಗಿತು. 4080 ಸೂಪರ್ ಕಾರ್ಡೊಂದೇ 320 ವ್ಯಾಟ್ ಎಳೆಯಬಲ್ಲದು, ನನ್ನ 4060 ಎಳೆಯುವುದು 115. ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ ಸುಮಾರು 18 ಯೂನಿಟ್ ಜಾಸ್ತಿ. ಅದೇನು ದೊಡ್ಡದಲ್ಲ. ಆದರೆ ಮೇ ತಿಂಗಳ ಡೊಂಬಿವಲಿಯಲ್ಲಿ, ಸಣ್ಣ ಹಾಲ್‌ನಲ್ಲಿ ಅದು ಪುಟ್ಟ ಹೀಟರ್ ಇಟ್ಟ ಹಾಗೆ. ಎಸಿ ಓಡಿಸಿದ್ದರ ಬಿಲ್ ಬೇರೆ.

ಹಾಗಂತ ನನ್ನ ದಾರಿಯೇ ಸರಿ ಅಂತಲೂ ಅಲ್ಲ. ಹಳೆ ಬೋರ್ಡಿಗೆ ಹೊಸ ಪ್ರೊಸೆಸರ್ ಹಾಕುವುದು ಹೇಳಿದಷ್ಟು ಸುಲಭ ಅಲ್ಲ. ಮೊದಲು ಹಳೆ ಪ್ರೊಸೆಸರ್ ಇರುವಾಗಲೇ ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಬೇಕು. ಆ ಹೊತ್ತಲ್ಲಿ ಕರೆಂಟ್ ಹೋದರೆ ಬೋರ್ಡ್ ಕಥೆ ಮುಗಿಯಬಹುದು. ನಾನು ಪಕ್ಕದ ಮನೆಯ ಇನ್ವರ್ಟರಿನಿಂದ ವೈರ್ ಎಳೆದಿದ್ದೆ. ಆಮೇಲೆ ಕೂಲರ್ ಎತ್ತಿದರೆ ಪ್ರೊಸೆಸರೂ ಅದಕ್ಕೆ ಅಂಟಿಕೊಂಡು ಸಾಕೆಟ್ಟಿನಿಂದ ಕಿತ್ತು ಬಂತು. ಎರಡರ ನಡುವೆ ಹಚ್ಚಿದ್ದ, ಐದು ವರ್ಷ ದಾಟಿದ ಪೇಸ್ಟ್ ಒಣಗಿ ಗೋಂದಾಗಿತ್ತು. ಎಎಂ4ರಲ್ಲಿ, ಅಂದರೆ ನನ್ನ ಬೋರ್ಡಿನ ಹಳೆ ಪೀಳಿಗೆಯ ಸಾಕೆಟ್ಟಿನಲ್ಲಿ, ಪಿನ್ನುಗಳು ಇರುವುದು ಪ್ರೊಸೆಸರಿನ ಅಡಿಯಲ್ಲಿ. ಎರಡು ಪಿನ್ ಬಾಗಿದ್ದವು. ಎಟಿಎಂ ಕಾರ್ಡಿನ ಅಂಚನ್ನು ಸಾಲಿನ ನಡುವೆ ತೂರಿಸಿ, ಉಸಿರು ಬಿಗಿಹಿಡಿದು ನೇರ ಮಾಡಿದೆ. ಮಾರಬೇಕಿದ್ದ ಪ್ರೊಸೆಸರ್ ಅಲ್ವಾ! ನೀವು ಮಾಡುವುದಾದರೆ ಮೊದಲು ಹತ್ತು ನಿಮಿಷ ಏನಾದ್ರೂ ಆಡಿ ಪೇಸ್ಟ್ ಬಿಸಿ ಮಾಡಿ. ಆಮೇಲೆ ಆಫ್ ಮಾಡಿ, ಕೂಲರನ್ನು ಎಳೆಯದೆ ಮೆಲ್ಲಗೆ ತಿರುಗಿಸಿ ಬಿಡಿಸಿ.

ಇನ್ನೊಂದು ಕೊರತೆಯೂ ಇದೆ. 4060 ಎಂಟೇ ಪಿಸಿಐಇ ಲೇನ್ (ಕಾರ್ಡಿಗೂ ಬೋರ್ಡಿಗೂ ನಡುವಿನ ಡೇಟಾ ದಾರಿ) ಬಳಸುವ ಕಾರ್ಡ್, ನನ್ನ ಬಿ450 ಹಳೆ 3.0 ಪೀಳಿಗೆಯದು. ಎಂಟು ಜಿಬಿ ಮೆಮೊರಿ ತುಂಬುವವರೆಗೆ ಸರಿ. ತುಂಬಿ ಹೊರಗೆ ಚೆಲ್ಲಿತು ಅಂದ್ರೆ ಆಟ ಮುಗ್ಗರಿಸುತ್ತದೆ. ತಮ್ಮನ ಕಾರ್ಡಿಗೆ 12 ಜಿಬಿ ಇದೆ, ಅವನಿಗೆ ಈ ಕಾಟ ಕಡಿಮೆ.

ತಮ್ಮನಿಗೆ ಕಾಟ ಕೊಟ್ಟದ್ದು ಮೊದಲ ದಿನ ಮಾತ್ರ. ಎಲ್ಲ ಜೋಡಿಸಿ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಕಪ್ಪು. ಒಂದು ನಿಮಿಷ, ಎರಡು ನಿಮಿಷ. "ಸುಟ್ಟು ಹೋಯ್ತೇನೋ?" ಅಂತ ಅಮ್ಮ ಬಾಗಿಲಲ್ಲೇ ನಿಂತಿದ್ದರು. ಎಎಂ5ರಲ್ಲಿ, ಅಂದರೆ ತಮ್ಮನ ಬೋರ್ಡಿನ ಹೊಸ ಪೀಳಿಗೆಯ ಸಾಕೆಟ್ಟಿನಲ್ಲಿ, ಮೊದಲ ಸಲ ಬೋರ್ಡು ರ‍್ಯಾಮನ್ನು ಅಳೆದು ಹೊಂದಿಸಿಕೊಳ್ಳಲು ಕೆಲವು ನಿಮಿಷ ತಗೊಳ್ಳುತ್ತದೆ. ಅದು ಗೊತ್ತಿಲ್ಲದೆ ಸ್ವಿಚ್ ಆರಿಸಲು ಕೈ ಹಾಕಿದ್ದ.

ದೊಡ್ಡ ಕಾರ್ಡ್ ತಗೊಂಡರೆ ವರ್ಷಗಟ್ಟಲೆ ಚಿಂತೆ ಇಲ್ಲ ಅನ್ನುವುದು ಭಾವಮೈದುನನ ವಾದ. ನಾನು ಅವನಿಗೆ ಜಿಟಿಎಕ್ಸ್ 1080 ಟಿಐ ನೆನಪಿಸುತ್ತೇನೆ. 2017ರಲ್ಲಿ ಅದು ರಾಜ, 11 ಜಿಬಿ ಮೆಮೊರಿ. ಹಳೆ ಆಟಗಳಿಗೆ ಇವತ್ತಿಗೂ ಶಕ್ತಿ ಇದೆ. ಆದರೆ 2024ರ ಡಿಸೆಂಬರಿನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟ ರೇ ಟ್ರೇಸಿಂಗ್ ಹಾರ್ಡ್‌ವೇರ್ ಇರಲೇಬೇಕು ಅಂದಿತು. ಕನಿಷ್ಠ ಆರ್‌ಟಿಎಕ್ಸ್ 2060 ಸೂಪರ್. ರಾಜನಿಗೆ ಬಾಗಿಲು ಮುಚ್ಚಿತು, ಅವನಿಗಿಂತ ಸಣ್ಣ ಕಾರ್ಡಿಗೆ ತೆರೆಯಿತು. ಅದೇ 2017ರ ಎಷ್ಟೋ ಎಎಂ4 ಬೋರ್ಡುಗಳು 2022ರ ಪ್ರೊಸೆಸರನ್ನು ಬರೀ ಬಯೋಸ್ ಅಪ್‌ಡೇಟಿನಿಂದ ಒಪ್ಪಿಕೊಂಡವು.

ಹಾಗಾಗಿ ಹೊಸದಾಗಿ ಕಟ್ಟುವವರಿಗೆ ನಾನು ಹೇಳುವುದು ತಮ್ಮನ ದಾರಿ, ಸ್ವಲ್ಪ ಕತ್ತರಿ ಹಾಕಿ. ಎಎಂ5 ಬೋರ್ಡ್, ಒಳ್ಳೆ 750 ವ್ಯಾಟ್ ಪವರ್ ಸಪ್ಲೈ, ಗಾಳಿ ಆಡುವ ಕ್ಯಾಬಿನೆಟ್. ಇವುಗಳಲ್ಲಿ ಜಿಪುಣತನ ಬೇಡ, ಇವೇ ಉಳಿಯುವಂಥವು. ಗ್ರಾಫಿಕ್ಸ್ ಕಾರ್ಡ್ ಮಾತ್ರ ನಿಮ್ಮ ಮಾನಿಟರಿಗೆ ಸಾಕಾಗುವಷ್ಟು. 1080ಪಿ ಇದ್ದರೆ 4070 ಸೂಪರ್ ದರ್ಜೆಯದು ಸುಮ್ನೆ ದಂಡ. ನಾವು ಕೊಟ್ಟ ರೇಟು 2024ರದ್ದು. 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ದುಪ್ಪಟ್ಟಿಗೂ ಮೀರಿ ಹಾರಿತು. ಮನೆಯಲ್ಲಿ ಎಎಂ4 ಬೋರ್ಡ್, ಡಿಡಿಆರ್4 ರ‍್ಯಾಮ್ ಆಗಲೇ ಇರುವವರು ನನ್ನ ದಾರಿ ಹಿಡಿಯುವುದೇ ಜಾಣತನ. ಮತ್ತೆ, ಲ್ಯಾಮಿಂಗ್ಟನ್ ರೋಡಿನಲ್ಲಿ ಬಿಲ್ ಇಲ್ಲದೆ ಕಡಿಮೆಗೆ ಕೊಡ್ತೀನಿ ಅಂದರೆ ಮುಂದಿನ ಅಂಗಡಿಗೆ ನಡೆಯಿರಿ. ಆಮೇಲೆ ವಾರಂಟಿಗೆ ಅಲೆಯೋರು ಯಾರು?

ಮೂರು ವಾರ ಕಳೆದ ಮೇಲೆ ಲೈಟಿನ ಪೆಟ್ಟಿಗೆ ಕಂಬಳಿ ಹೊದ್ದು ಮೀರಾ ರೋಡಿಗೆ ಹೋಯಿತು. ತಮ್ಮ ಈಗ 4ಕೆ ಮಾನಿಟರಿನ ರೇಟು ನೋಡುತ್ತಿದ್ದಾನೆ. 1440ಪಿ ಮಾನಿಟರಿಗೆ ಅಂತ ನನ್ನಿಂದ ತಗೊಂಡ 22 ಸಾವಿರದಲ್ಲಿ ಇನ್ನೂ 9 ಸಾವಿರ ಬರಬೇಕು.