ಓಟ ಕ್ರಿಯಾಪದವೇ? ಮಕ್ಕಳಿಗೆ ಭಾಷೆಯ ಪದ ಕಲಿಸಲು ನಾನು ನೋಡಿದ ಮೂರು ದಾರಿ

ನಾಮಪದ, ಕ್ರಿಯಾಪದ, ಗುಣವಾಚಕ, ಸಮಾನಾರ್ಥಕ, ಅಲ್ಪವಿರಾಮ, ಸಾರಾಂಶ. ಈ ಪದಗಳು ಗೊತ್ತಿಲ್ಲದಿದ್ದರೆ ಮಗುವಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಉತ್ತರ ಬರುತ್ತಿದ್ದರೂ ಸುಮ್ನೆ ಕೂತುಬಿಡುತ್ತದೆ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಾನು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾಲ್ಕು, ಐದನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಕಳೆದ ವರ್ಷ ಇದೇ ಮಕ್ಕಳ ಮೇಲೆ ಮೂರು ರೀತಿ ಒಂದಾದ ಮೇಲೊಂದು ಮಾಡಿ ನೋಡಿದೆ.

ಜೂನ್‌ನಲ್ಲಿ ಶುರು ಮಾಡಿದ್ದು ಬಾಯಿಪಾಠ. ನಾನೂ ಹಾಗೆಯೇ ಕಲಿತವಳು. 'ಕೆಲಸವನ್ನು ಸೂಚಿಸುವ ಪದವೇ ಕ್ರಿಯಾಪದ' ಎಂದು ಬೋರ್ಡಿನ ಮೇಲೆ ಬರೆದೆ. ಮಕ್ಕಳು ರಾಗವಾಗಿ ಹೇಳಿದರು, ನೋಟ್ ಪುಸ್ತಕದಲ್ಲಿ ಇಳಿಸಿಕೊಂಡರು. ಖರ್ಚಿಲ್ಲ, ಬೇಗ ಮುಗಿಯುತ್ತದೆ. ಕಿರುಪರೀಕ್ಷೆಯಲ್ಲಿ 'ಕ್ರಿಯಾಪದ ಎಂದರೇನು?' ಎಂದು ಕೇಳಿದರೆ ಅಂಕವೂ ಬರುತ್ತದೆ. ಆದರೆ ಪಾಠದ ಒಂದು ಸಾಲು ಕೊಟ್ಟು ಕ್ರಿಯಾಪದಕ್ಕೆ ಗೆರೆ ಎಳೆಯಿರಿ ಎಂದಾಗ ಮುಕ್ಕಾಲು ತರಗತಿ ನನ್ನ ಮುಖ ನೋಡಿತು.

ಆಗಸ್ಟ್‌ನಲ್ಲಿ ಮಿಂಚುಪಟ್ಟಿಗೆ, ಅಂದರೆ ಫ್ಲ್ಯಾಶ್ ಕಾರ್ಡಿಗೆ ಬಂದೆ. ಹಳೆಯ ಮದುವೆ ಕಾರ್ಡು ತನ್ನಿ ಎಂದೆ, ರಾಶಿ ಬಿತ್ತು. ಕತ್ತರಿಸಿ ಒಂದು ಕಡೆ ಉದಾಹರಣೆ, ಹಿಂದೆ ಅದರ ಹೆಸರು ಬರೆದೆವು. ಒತ್ತಕ್ಷರಕ್ಕೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಅಕ್ಕ, ಅಮ್ಮ, ರೊಟ್ಟಿ ಸಜಾತೀಯದ ಗುಂಪಿಗೆ, ಅಕ್ಷರಕ್ಕೆ ಅದರದೇ ಒತ್ತು. ಸೂರ್ಯ, ಪುಸ್ತಕ ವಿಜಾತೀಯದ ಗುಂಪಿಗೆ, ಬೇರೆ ಅಕ್ಷರದ ಒತ್ತು. ಎರಡೇ ದಿನದಲ್ಲಿ ಪಟಪಟ ಬೇರ್ಪಡಿಸಿದರು. ವಿರುದ್ಧಾರ್ಥಕ ಪದಗಳಿಗೂ ಅಷ್ಟೇ ಚೆನ್ನಾಗಿ ಒಗ್ಗಿತು.

ಗುಣವಾಚಕಕ್ಕೆ ಬಂದಾಗ ತೊಡಕಾಯಿತು. ಒಬ್ಬ ಹುಡುಗ ಪಟ್ಟಿಯ ಮೇಲಿನ ಪದ ಓದದೆಯೇ 'ಗುಣವಾಚಕ ರೀ' ಎನ್ನುತ್ತಿದ್ದ. ಹೇಗೆ ಗೊತ್ತಾಯಿತು ಎಂದರೆ ಮೂಲೆ ತೋರಿಸಿದ. ಆ ಕಾರ್ಡಿನ ಮೂಲೆಗೆ ಅರಿಶಿನ ಹತ್ತಿತ್ತು! ಅವನು ನೆನಪಿಟ್ಟಿದ್ದು ಪಟ್ಟಿಯನ್ನು, ಪದವನ್ನಲ್ಲ.

ಮೊಬೈಲ್ ಕ್ವಿಜ್ ಕೂಡ ಒಂದು ವಾರ ಆಡಿಸಿದೆ. ಇದ್ದದ್ದು ನನ್ನ ಒಂದೇ ಫೋನು. ಒತ್ತುವವನು ಒಬ್ಬ, ಉಳಿದವರು ನೋಡುವವರು. ಬಿಟ್ಟೆ.

ದಸರಾ ರಜೆಯ ನಂತರ ಹಿಡಿದದ್ದು ನಾಲ್ಕು ಮನೆಯ ಪುಟ. ಇದು ನನ್ನದಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡೊರೊಥಿ ಫ್ರೇಯರ್ ಮತ್ತು ಜೊತೆಗಾರರು 1969ರಲ್ಲಿ ರೂಪಿಸಿದ್ದು. ಪುಟದ ನಡುವೆ ಪದ, ಸುತ್ತ ನಾಲ್ಕು ಮನೆ: ಅರ್ಥ, ಲಕ್ಷಣ, ಉದಾಹರಣೆ, ಮತ್ತು 'ಇದು ಅಲ್ಲ'. ನಾನು ಮಾಡಿದ ಬದಲಾವಣೆ ಒಂದೇ. ಅರ್ಥದ ಮನೆಯನ್ನು ಕೊನೆಗೆ, ಮಕ್ಕಳ ಮಾತಿನಲ್ಲೇ ತುಂಬಿಸಿದೆ.

ಕ್ರಿಯಾಪದದ ದಿನ ಒಬ್ಬಳು ಉದಾಹರಣೆಯ ಮನೆಯಲ್ಲಿ 'ಓಟ' ಎಂದು ಬರೆದಳು. ಅದು 'ಇದು ಅಲ್ಲ' ಮನೆಗೆ ಹೋಗಬೇಕು ಎಂದೆ. ಅವಳು ಬಿಡಲಿಲ್ಲ. "ಓಟ ಅಂದ್ರ ಓಡೋ ಕೆಲಸನೇ ಅಲ್ರಿ ಅಕ್ಕೋರೆ?"

ಸರಿಯಾಗಿಯೇ ಕೇಳಿದ್ದಳು. ನಾನು ಜೂನ್‌ನಲ್ಲಿ ಬಾಯಿಪಾಠ ಮಾಡಿಸಿದ ಸಾಲಿನ ಪ್ರಕಾರ ಓಟ, ಆಟ, ಊಟ ಎಲ್ಲವೂ ಕೆಲಸವೇ! ಪದದ ಕೊನೆಗೆ 'ಅನ್ನು' ಹಚ್ಚಿ ನೋಡೋಣ ಎಂದೆ. ಓಟವನ್ನು, ಊಟವನ್ನು: ಕೂಡುತ್ತದೆ. 'ಓಡಿದಳು', 'ಉಂಡನು' ಇವಕ್ಕೆ ಹಚ್ಚಲು ಹೋಗಿ ಇಡೀ ತರಗತಿ ನಕ್ಕಿತು. 'ಅನ್ನು'ವಿನಂಥ ವಿಭಕ್ತಿ ಪ್ರತ್ಯಯ ಹತ್ತುವುದು ನಾಮಪದಕ್ಕೆ, ಹೀಗೆ ಮುಗಿಯುವ ಕ್ರಿಯಾಪದಕ್ಕಲ್ಲ. ಆ ಪುಟದ ಅರ್ಥದ ಮನೆಯಲ್ಲಿ ಅವಳು ಬರೆದದ್ದು: 'ಯಾರು ಏನು ಮಾಡಿದರು ಅಂತ ಹೇಳಿ ಮಾತು ಮುಗಿಸುವ ಪದ.' ನಾನು ಬರೆಸಿದ ವ್ಯಾಖ್ಯೆಗಿಂತ ಇದು ಚೆನ್ನಾಗಿದೆ.

ಉದಾಹರಣೆ ಮನೆಯಿಂದಲೇ ಬರುವುದು ಇದರ ಇನ್ನೊಂದು ಬಲ. ಅಂಕಿತನಾಮಕ್ಕೆ ಭೀಮಾ, ಕಾಗಿಣಾ, ಸೇಡಂ ಬಂದವು, ರೂಢನಾಮಕ್ಕೆ ನದಿ, ಊರು. 'ಖಡಕ್ ರೊಟ್ಟಿ'ಯಲ್ಲಿ ಖಡಕ್ ಗುಣವಾಚಕ ಎಂದು ಅವರೇ ಕಂಡುಕೊಂಡರು. ತಾಂಡಾದ ಹುಡುಗಿ ನಾಮಪದಕ್ಕೆ ಯಾಡಿ, ಬಾಟಿ ಎಂದು ಲಂಬಾಣಿಯಲ್ಲೇ ಬರೆದಳು. ತಾಯಿ, ರೊಟ್ಟಿ. ಅಲ್ಲಿಯವರೆಗೆ ಬಾಯಿ ಬಿಡದ ಮಗು ಅದು. ಎರಡೂ ನಾಮಪದವೇ ಅಲ್ವಾ? ಹಾಗೇ ಇಟ್ಟುಕೊಂಡೆವು.

ಕಷ್ಟವೆಂದರೆ ಸಮಯ. ಒಂದು ಪದಕ್ಕೆ ಒಂದು ಪೂರ್ತಿ ಪಿರಿಯಡ್ ಹೋಗುತ್ತದೆ. ಎಲ್ಲ ಪದಕ್ಕೂ ಹೀಗೆ ಮಾಡುತ್ತ ಕೂತರೆ ಪಾಠ ಮುಗಿಯುವುದಿಲ್ಲ. ಆದ್ದರಿಂದ ಈ ವರ್ಷ ಮಕ್ಕಳು ಜಾಸ್ತಿ ಗೊಂದಲ ಮಾಡಿಕೊಳ್ಳುವ ಪದಗಳಿಗೆ ಮಾತ್ರ ನಾಲ್ಕು ಮನೆ. ಶನಿವಾರ ಮಿಂಚುಪಟ್ಟಿ, ಅರಿಶಿನವಿಲ್ಲದ ಕಾರ್ಡು ಆರಿಸಿಕೊಂಡು. ವ್ಯಾಖ್ಯೆ ಪರೀಕ್ಷೆಯ ಹಿಂದಿನ ವಾರ.

ಸಾರಾಂಶ ಮಾತ್ರ ಈ ಯಾವುದಕ್ಕೂ ಬಗ್ಗಲಿಲ್ಲ. ಸಾರಾಂಶ ಎಂದರೆ ಪಾಠದ ಮೊದಲ ಐದು ಸಾಲು ಇಳಿಸುವುದು ಎಂದೇ ಮಕ್ಕಳು ತಿಳಿದಿದ್ದರು. ಈಗ ಮನೆಗೆಲಸ ಬೇರೆ ಕೊಡುತ್ತೇನೆ: ಅವ್ವ ಒಂದು ರೊಟ್ಟಿ ಬಡಿದು ಬೇಯಿಸುವಷ್ಟರಲ್ಲಿ ಇಡೀ ಕಥೆ ಹೇಳಿ ಮುಗಿಸಬೇಕು. ಮರುದಿನ ಅದನ್ನೇ ಬರೆಯಬೇಕು. ಐದನೇ ತರಗತಿಯಲ್ಲಿ ಹೆಚ್ಚಿನವರು ಈಗ ನಾಲ್ಕು ಸಾಲಿಗೆ ಬಂದಿದ್ದಾರೆ. ನಾಲ್ಕನೆಯವರಿಗೆ ಇನ್ನೂ ಎರಡು ರೊಟ್ಟಿ ಬೇಕು.