ಹೆಪಾರಿನ್ ಕೋಟಿಂಗ್ ಇರುವ ಪರ್ಮ್‌ಕ್ಯಾತ್: ಅವ್ವನಿಗೆ ಹಾಕಿಸಿ ಮೂರು ತಿಂಗಳಾದ ಮೇಲೆ

ನಮ್ಮದು ಸಿರುಗುಪ್ಪ. ವಾರಕ್ಕೆ ಎರಡು ಸಲ ಅವ್ವನನ್ನು ಡಯಾಲಿಸಿಸ್‌ಗೆ ಬಳ್ಳಾರಿಗೆ ಕರೆದುಕೊಂಡು ಹೋಗುತ್ತೇನೆ. ಡಯಾಲಿಸಿಸ್ ಸೂಜಿ ಹಾಕಲೆಂದು ಕೈಯಲ್ಲಿ ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾ ಕೈಕೊಟ್ಟಿತು, ಅದಕ್ಕೇ ಕುತ್ತಿಗೆ ಹತ್ತಿರ ಪರ್ಮ್‌ಕ್ಯಾತ್, ಅಂದರೆ ತಿಂಗಳುಗಟ್ಟಲೆ ಮೈಯಲ್ಲೇ ಇರುವ ಡಯಾಲಿಸಿಸ್ ಟ್ಯೂಬ್, ಹಾಕಿದರು. ಮೊದಲನೆಯದು ಮಾಮೂಲಿ ಟ್ಯೂಬ್. ಎರಡನೇ ತಿಂಗಳಿಗೇ ಒಳಗೆ ರಕ್ತ ಹೆಪ್ಪುಗಟ್ಟಿತು. ನಿಮಿಷಕ್ಕೆ 300 ಎಂಎಲ್ ಹರಿಯಬೇಕಾದ ಕಡೆ 150 ಕೂಡ ಬರುತ್ತಿರಲಿಲ್ಲ, ಮಷಿನ್ ಪದೇ ಪದೇ ಕೂಗುತ್ತಿತ್ತು, ನಾಲ್ಕು ತಾಸು ಮಲಗಿ ಎದ್ದರೂ ಅವ್ವನ ಕಾಲಿನ ಬಾವು ಹಾಗೇ ಇರುತ್ತಿತ್ತು.

ಆಗ ಟ್ಯೂಬಿನೊಳಗೆ ಯೂರೋಕೈನೇಸ್ ಬಿಟ್ಟರು. ಇದು ಕಿಣ್ವ, ಮನುಷ್ಯರ ಮೂತ್ರದಲ್ಲೇ ಇರುವಂಥದ್ದು. ರಕ್ತದಲ್ಲಿ ಸುಮ್ನೆ ಇರುವ ಪ್ಲಾಸ್ಮಿನೋಜನ್ ಅನ್ನು ಪ್ಲಾಸ್ಮಿನ್ ಆಗಿಸುತ್ತದೆ, ಆ ಪ್ಲಾಸ್ಮಿನ್ ಹೆಪ್ಪಿನೊಳಗಿನ ಫೈಬ್ರಿನ್ ಎಳೆಗಳನ್ನು ಕತ್ತರಿಸುತ್ತದೆ. ಒಂದು ತಾಸು ಬಿಟ್ಟು ಎಳೆದಾಗ ಲೈನ್ ತೆರೆಯಿತು. ಎರಡು ವಾರ ಚೆನ್ನಾಗಿ ನಡೆದು ಮತ್ತೆ ಕಟ್ಟಿತು. ಕೊನೆಗೆ ಡಾಕ್ಟರ್ ಹತ್ತಿರ ಮಾತಾಡಿ ಹೆಪಾರಿನ್ ಕೋಟಿಂಗ್ ಇರುವುದನ್ನು ಹಾಕಿಸಿದೆವು.

ಹೆಪಾರಿನ್ ಕಿಣ್ವ ಅಲ್ಲ. ಕಟ್ಟಿದ್ದನ್ನು ಅದು ಕರಗಿಸುವುದಿಲ್ಲ, ನಮ್ಮ ರಕ್ತದಲ್ಲೇ ಇರುವ ಆಂಟಿಥ್ರಾಂಬಿನ್‌ಗೆ ಬಲ ಕೊಟ್ಟು ಕಟ್ಟದಂತೆ ನೋಡಿಕೊಳ್ಳುತ್ತದೆ. ಯೂರೋಕೈನೇಸನ್ನೇ ಟ್ಯೂಬಿನ ಮೈಗೆ ಅಂಟಿಸಿದ ಕ್ಯಾಥೆಟರ್‌ಗಳನ್ನು ಜಪಾನಿನಲ್ಲಿ ಮಾಡಿದ್ದಾರೆ. ಆದರೆ ಕಿಣ್ವದ ಶಕ್ತಿ ದಿನ ಕಳೆದಂತೆ ಕುಂದುತ್ತದೆ, ತಿಂಗಳುಗಟ್ಟಲೆ ಮೈಯಲ್ಲಿರುವ ಲೈನ್‌ಗೆ ಅದೇ ತೊಡಕು ಅಲ್ವಾ?

ಮೂರು ತಿಂಗಳಾಯಿತು, ಫ್ಲೋ 280ಕ್ಕಿಂತ ಕೆಳಗೆ ಇಳಿದಿಲ್ಲ. ಬಾವು ಇಳಿದಿದೆ, ಅವ್ವ ಮನೆಯಲ್ಲಿ ತಾನೇ ಎದ್ದು ಓಡಾಡುತ್ತಾಳೆ, ನನಗೆ ಇದಕ್ಕಿಂತ ಬೇರೆ ಬೇಕಿಲ್ಲ. ಆದರೆ ಎಲ್ಲಾ ಕೋಟಿಂಗ್‌ನಿಂದಲೇ ಆಯಿತು ಎಂದು ಹೇಳಲಾರೆ. ಈಗಿನ ಸೆಂಟರ್‌ನ ಸಿಸ್ಟರ್ ಪ್ರತಿ ಸಲ ಟ್ಯೂಬಿನ ಕೆಂಪು, ನೀಲಿ ಎರಡೂ ಬಾಯಿಗಳನ್ನು ಸಲೈನ್‌ನಿಂದ ಚೆನ್ನಾಗಿ ಫ್ಲಶ್ ಮಾಡಿ, ಟ್ಯೂಬಿನ ಕ್ಲ್ಯಾಂಪ್ ಮೇಲೆ ಬರೆದಿರುವ ಅಳತೆ ನೋಡಿಯೇ ಹೆಪಾರಿನ್ ಲಾಕ್ ಹಾಕುತ್ತಾರೆ, ಅಂದರೆ ಮುಂದಿನ ಸಲದವರೆಗೆ ಟ್ಯೂಬಿನೊಳಗೆ ಹೆಪಾರಿನ್ ತುಂಬಿ ಮುಚ್ಚಿಡುತ್ತಾರೆ. ಮೊದಲು ಹೋಗುತ್ತಿದ್ದ ಕಡೆ ಈ ಕೆಲಸ ಅವಸರದಲ್ಲಿ ಮುಗಿಯುತ್ತಿತ್ತು. ಕೋಟಿಂಗ್ ಟ್ಯೂಬ್ ಹಾಕಿಸಿ ಲಾಕ್ ಸರಿಯಾಗಿ ಹಾಕದಿದ್ದರೆ ದುಡ್ಡು ದಂಡ.

ರೇಟ್ ಜಾಸ್ತಿಯೇ. ಹೆಪ್ಪು ತಡೆಯುವ ಕೋಟಿಂಗ್ ಇದೆ ಎಂದ ಮಾತ್ರಕ್ಕೆ ಇನ್ಫೆಕ್ಷನ್ ಭಯ ಹೋಗುವುದಿಲ್ಲ, ಡ್ರೆಸ್ಸಿಂಗ್ ಒದ್ದೆಯಾಗಬಾರದು, ಚಳಿಜ್ವರ ಬಂದರೆ ಅವತ್ತೇ ಓಡಬೇಕು. ಇನ್ನೊಂದು, ಹೆಪಾರಿನ್‌ನಿಂದ ಯಾರಿಗಾದರೂ ಮುಂಚೆ ಪ್ಲೇಟ್‌ಲೆಟ್ ಬಿದ್ದಿದ್ದರೆ ಡಾಕ್ಟರ್‌ಗೆ ಮೊದಲೇ ಹೇಳಿ, ಅಂಥವರಿಗೆ ಈ ಟ್ಯೂಬ್ ಆಗುವುದಿಲ್ಲ.

ಇನ್ನೊಂದು ಕೈಗೆ ಹೊಸ ಫಿಸ್ಟುಲಾ ಮಾಡಿದ್ದಾರೆ. ಮುಂದಿನ ತಿಂಗಳು ಸೂಜಿ ಹಾಕಿ ನೋಡುತ್ತಾರಂತೆ. ಅದು ನಡೆದರೆ ಈ ಟ್ಯೂಬ್ ಎಷ್ಟೇ ಚೆನ್ನಾಗಿದ್ದರೂ ತೆಗೆಸುತ್ತೇವೆ.